ಗೀಸರ್ ನೋಡಲು ಹೋದವರು

"ಅಪ್ಪಾ, ಈ ಸಲ ನೀವು ಬಂದಾಗ ಗೀಸರ್ ನೋಡೋಕೆ ಹೋಗೋಣ" ಎಂದು ಮಗಳು ಅಮೆರಿಕದಿಂದ ವಿಡಿಯೋ ಕಾಲಿನಲ್ಲಿ ಹೇಳಿದಾಗ, ಉತ್ತರ ಬಂದದ್ದು ನನ್ನಿಂದಲ್ಲ, ಹಾಸನದ ನಮ್ಮ ಅಡುಗೆಮನೆಯಿಂದ. "ಬಚ್ಚಲುಮನೆ ಗೀಸರ್ ಕೆಟ್ಟು ಮೂರು ತಿಂಗಳಾಯ್ತು. ಬಂದು ನೋಡಪ್ಪಾ ಅಂತ ಆ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ ಮಾಡಿ ಸಾಕಾಗಿದೆ. ಅವನು ಹಿಂದಿನ ಬೀದಿಯಿಂದ ಬರಲ್ಲ, ನಾವು ಗೀಸರ್ ನೋಡೋಕೆ ಅಮೆರಿಕಕ್ಕೆ ಹೋಗ್ಬೇಕಾ?"

ತಪ್ಪು ನನ್ನ ಹೆಂಡತಿಯದಲ್ಲ. ಐಸ್‌ಲ್ಯಾಂಡಿನಲ್ಲಿ ಆ ಹೆಸರಿನದೊಂದು ಬಿಸಿನೀರಿನ ಬುಗ್ಗೆ ಇದೆ. ಉಕ್ಕಿ ಚಿಮ್ಮುವ ಬುಗ್ಗೆಗಳಿಗೆಲ್ಲ ಇಂಗ್ಲಿಷಿನವರು ಅದರ ಹೆಸರನ್ನೇ ಇಟ್ಟುಬಿಟ್ಟರು. ಆಮೇಲೆ ಆ ಹೆಸರು ಹೇಗೋ ಹಡಗು ಹತ್ತಿ ನಮ್ಮಲ್ಲಿಗೆ ಬಂದು, ಬಚ್ಚಲಿನ ಗೋಡೆಗೆ ನೇತುಬಿದ್ದು, ಹಂಡೆಯ ಕೆಲಸ ಕಸಿದುಕೊಂಡಿತು. ಇದನ್ನೆಲ್ಲ ನಾನು ವಿವರಿಸಹೊರಟೆ. ಪದವಿಪೂರ್ವ ಕಾಲೇಜಿನಲ್ಲಿ 34 ವರ್ಷ ರಸಾಯನಶಾಸ್ತ್ರ ಹೇಳಿದವನಿಗೆ ವಿವರಿಸುವುದೊಂದು ಚಟ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಅವಳು ಎದ್ದುಹೋದಳು.

ಹೀಗೆ ಶುರುವಾದದ್ದು ನಮ್ಮ ಯೆಲ್ಲೋಸ್ಟೋನ್ ಯಾತ್ರೆ. ಸೆಪ್ಟೆಂಬರ್‌ನಲ್ಲಿ ನಾವಿಬ್ಬರು, ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗ, ಹೀಗೆ ಐದು ಜನ ಸಾಲ್ಟ್ ಲೇಕ್ ಸಿಟಿಯಲ್ಲಿ ವಿಮಾನ ಇಳಿದು, ಅಲ್ಲೊಂದು ವ್ಯಾನು ಬಾಡಿಗೆಗೆ ಹಿಡಿದೆವು. ವ್ಯಾನು ಅಂದರೆ ನಮ್ಮೂರಲ್ಲಿ ಮದುವೆಗೆ ಜನ ತುಂಬಿಕೊಂಡು ಹೋಗುವ ವ್ಯಾನಲ್ಲ. 24 ಅಡಿ ಉದ್ದದ, ಒಳಗೆ ಒಲೆ, ಸಿಂಕು, ಫ್ರಿಜ್ಜು, ಮಂಚ, ಪಾಯಿಖಾನೆ ಎಲ್ಲ ಇರುವ ಮನೆವ್ಯಾನು. ಹಗಲು ಊಟದ ಮೇಜು, ರಾತ್ರಿ ಅದನ್ನೇ ಮಡಿಸಿದರೆ ಮೊಮ್ಮಗನ ಹಾಸಿಗೆ. ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ ಮಗಳು, ಅಳಿಯ. ಹಿಂಬದಿಯಲ್ಲಿ ನಾವು ಮುದುಕರು.

ನನ್ನವಳು ಒಳಹೊಕ್ಕು ಒಂದು ಸುತ್ತು ನೋಡಿದಳು. ಸುತ್ತು ಅನ್ನುವಷ್ಟು ಜಾಗವಿರಲಿಲ್ಲ. ನಿಂತಲ್ಲೇ ತಿರುಗಿದಳು ಎನ್ನಬೇಕು. "ಒಲೆಗೂ ಪಾಯಿಖಾನೆಗೂ ಮೂರಡಿ ಇಲ್ಲವಲ್ಲೇ ಪುಟ್ಟಿ! ಒಳಗೆ ಹೋದವರಿಗೆ ಸಾಸಿವೆ ಸಿಡಿಯೋದು ಕೇಳತ್ತೆ. ಅದು ಹೋಗ್ಲಿ, ಒಗ್ಗರಣೆ ಹಾಕೋರಿಗೆ ಏನೇನು ಕೇಳಬೇಕು?" ಮಗಳು ಉತ್ತರ ಕೊಡಲಿಲ್ಲ. ಆ ನಾಲ್ಕು ದಿನ ನಾವೆಲ್ಲ ಅಡುಗೆಯ ಹೊತ್ತು ನೋಡಿಕೊಂಡು ಶರೀರಬಾಧೆ ತೀರಿಸಿಕೊಂಡೆವು ಅಂತಷ್ಟೇ ಹೇಳಿ ಈ ವಿಷಯ ಬಿಡುತ್ತೇನೆ.

ಆಗ್ನೇಯ ಮೂಲೆಯಲ್ಲಿ ಅಡುಗೆಮನೆ ಇರಬೇಕೆಂಬ ಶಾಸ್ತ್ರವನ್ನು ಅವಳೇ ಕೈಬಿಟ್ಟಳು, ವ್ಯಾನು ತಿರುಗಿದಂತೆಲ್ಲ ಒಲೆಯೂ ದಿಕ್ಕು ಬದಲಿಸುತ್ತದೆ ಎಂದು ಅರ್ಥವಾದ ಮೇಲೆ. ಆದರೆ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ ಎನ್ನುವುದರಲ್ಲಿ ರಾಜಿಯೇ ಇಲ್ಲ. ಮೊದಲ ರಾತ್ರಿ ಮ್ಯಾಡಿಸನ್ ಎಂಬಲ್ಲಿ ಬಿಡಾರದ ಜಾಗ ಸಿಕ್ಕಿತು. ಅಳಿಯ ಬಲು ಚೆನ್ನಾಗಿ ವ್ಯಾನು ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಅವಳು ಮೊಬೈಲಿನ ದಿಕ್ಸೂಚಿ ತೆಗೆಸಿ ನೋಡಿದಳು. ಸರಿಯಾಗಿ ಉತ್ತರ. ಅಳಿಯನಿಗೆ ನೇರವಾಗಿ ಹೇಳುವುದುಂಟೆ? ಮಗಳ ಕಡೆ ತಿರುಗಿ, "ಅವರಿಗೆ ತೊಂದರೆ ಆಗಲ್ಲ ಅಂದ್ರೆ ಸ್ವಲ್ಪ ಹಿಂದು ಮುಂದಾಗಿ ನಿಲ್ಲಿಸೋಕಾಗತ್ತಾ ಕೇಳು" ಎಂದಳು. ಎರಡು ಪೈನ್ ಮರಗಳ ನಡುವೆ, ಕತ್ತಲಲ್ಲಿ, 24 ಅಡಿಯ ವ್ಯಾನನ್ನು ಹಿಂದಕ್ಕೂ ಮುಂದಕ್ಕೂ ಹನ್ನೆರಡು ಸಲ ಆಡಿಸಿ ಅಳಿಯ ಅದರ ದಿಕ್ಕು ತಿರುಗಿಸಿದ. ಪಕ್ಕದ ಬಿಡಾರದ ಅಮೆರಿಕನ್ ದಂಪತಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಮುಗಿದ ಮೇಲೆ ಚಪ್ಪಾಳೆ ತಟ್ಟಿದರು. ಅಳಿಯ ನನಗೆ ಮಾತ್ರ ಕೇಳುವಂತೆ "ಮಾವ, ನಾಳೆಯಿಂದ ಮೊದಲೇ ಹೇಳಿಬಿಡಿ" ಎಂದ. ಬಂಗಾರದಂಥ ಹುಡುಗ.

ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. 1872ರ ಮಾರ್ಚ್ 1ರಂದು ಅಧ್ಯಕ್ಷ ಯುಲಿಸಿಸ್ ಗ್ರ್ಯಾಂಟ್ ಸಹಿ ಹಾಕಿದ್ದು. ವಿಸ್ತೀರ್ಣ ಸುಮಾರು 9,000 ಚದರ ಕಿ.ಮೀ. ನಮ್ಮ ಹಾಸನ ಜಿಲ್ಲೆಯ ಅಷ್ಟೂ ತಾಲ್ಲೂಕುಗಳನ್ನು ಅದರೊಳಗೆ ಇಟ್ಟರೂ ಜಾಗ ಮಿಗುತ್ತದೆ. ಒಳಗಿನ ಮುಖ್ಯ ರಸ್ತೆ ಇಂಗ್ಲಿಷಿನ ಎಂಟರ ಆಕಾರದಲ್ಲಿದೆ, ಒಂದು ಪೂರ್ತಿ ಎಂಟು ಹಾಕಲು 228 ಕಿ.ಮೀ. ಆರ್‌ಟಿಒ ಮೈದಾನದಲ್ಲಿ ಲೈಸೆನ್ಸಿಗಾಗಿ ಸ್ಕೂಟರಿನಲ್ಲಿ ಎಂಟು ಹಾಕುವಾಗ ಎರಡು ಸಲ ಕಾಲು ಊರಿದವನು ನಾನು. ಇಲ್ಲಿ ಅಳಿಯನ ಪಕ್ಕ ಕೂತು, ಕಾಲು ಮೇಲಿಟ್ಟುಕೊಂಡು, ನಾಲ್ಕು ದಿನ ಎಂಟು ಹಾಕಿದೆ.

ಇನ್ನು ಕುಕ್ಕರಿನ ವಿಷಯ. ಹೊರಡುವಾಗ ಮಗಳಿಗೂ ತಾಯಿಗೂ ಇದರ ಮೇಲೇ ಜಟಾಪಟಿ ಆಗಿತ್ತು. ಮಗಳ ಮನೆಯಲ್ಲಿ ಕರೆಂಟಿನ ಪಾತ್ರೆಯೊಂದಿದೆ, ಗುಂಡಿ ಒತ್ತಿದರೆ ಸದ್ದಿಲ್ಲದೆ ಎಲ್ಲ ಬೇಯಿಸುತ್ತದೆ. ಇವಳಿಗೆ ಅದರ ಮೇಲೆ ನಂಬಿಕೆಯಿಲ್ಲ. "ವಿಷಲ್ ಹಾಕದ ಕುಕ್ಕರನ್ನ ನಂಬೋದು ಹೇಗೆ?" ಎಂದು ಹಾಸನದಿಂದ ತಂದಿದ್ದ ಮೂರು ಲೀಟರಿನ ಕುಕ್ಕರನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದಳು. ಮ್ಯಾಡಿಸನ್ನಿನ ಬಿಡಾರದಲ್ಲಿ ಕರೆಂಟಿನ ಸಂಪರ್ಕವೇ ಇಲ್ಲ. ಕರೆಂಟಿನ ಪಾತ್ರೆ ಮೂಲೆ ಸೇರಿತು. ಮಗಳು ಸೋಲೊಪ್ಪದೆ ಮೊದಲ ರಾತ್ರಿ ಮಾಮೂಲಿ ಪಾತ್ರೆಯಲ್ಲೇ ಅನ್ನಕ್ಕಿಟ್ಟಳು. ಮನೆಯಲ್ಲಿ ಕುದಿಸುವಷ್ಟು ಹೊತ್ತು ಕುದಿದರೂ ಅಕ್ಕಿಯ ನಡು ಗಟ್ಟಿಯಾಗೇ ಉಳಿಯಿತು.

ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಎದ್ದುನಿಂತೆ. "ನಾವು ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿದ್ದೇವೆ. ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ಇಲ್ಲಿ ನೀರು 100 ಡಿಗ್ರಿಗಲ್ಲ, 93ರ ಸುಮಾರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಬೇಳೆಯಂತೂ..." ಎನ್ನುವಷ್ಟರಲ್ಲಿ ನನ್ನವಳು ಆ ಅಕ್ಕಿಯನ್ನು ಕುಕ್ಕರಿಗೆ ಸುರಿದು, ಗ್ಯಾಸ್ಕೆಟ್ ಕೂರಿಸಿ, ವೇಟ್ ಹಾಕಿಯಾಗಿತ್ತು. ಎರಡು ವಿಷಲ್. ಅನ್ನ ಮಲ್ಲಿಗೆ.

ಊಟವಾಗುವ ಹೊತ್ತಿಗೆ ಉದ್ಯಾನದ ಸಿಬ್ಬಂದಿಯೊಬ್ಬಳು ಬಂದು ನಗುನಗುತ್ತಲೇ ಕರಡಿಯ ಪಾಠ ಹೇಳಿದಳು. ತಿನ್ನುವ ವಸ್ತು ಯಾವುದೂ ಹೊರಗಿರಕೂಡದು. ಪಾತ್ರೆ, ಒಲೆ, ಕಸ, ಸಾಬೂನು ಕೂಡ. ತೊಳೆದ ನೀರನ್ನು ನೆಲಕ್ಕೆ ಚೆಲ್ಲಕೂಡದು. ವಾಸನೆ ಬರುವುದೆಲ್ಲ ವ್ಯಾನಿನೊಳಗೆ ಅಥವಾ ಕಬ್ಬಿಣದ ಪೆಟ್ಟಿಗೆಯೊಳಗೆ. ಹಿಂದೆ ಇಲ್ಲಿ ಕಸದ ಗುಂಡಿಯ ಪಕ್ಕ ಮೆಟ್ಟಿಲುಸಾಲು ಕಟ್ಟಿ, ಕರಡಿಗಳು ಎಂಜಲು ತಿನ್ನುವುದನ್ನೇ ಪ್ರವಾಸಿಗರಿಗೆ ಪ್ರದರ್ಶನವಾಗಿ ತೋರಿಸುತ್ತಿದ್ದರಂತೆ. ಮನುಷ್ಯನ ಊಟದ ರುಚಿ ಹತ್ತಿದ ಕರಡಿ ಕೊನೆಗೆ ಬಂದೂಕಿನ ಗುಂಡಿಗೆ ಬಲಿಯಾಗಬೇಕಾಗುತ್ತದೆ ಎಂದು ಬುದ್ಧಿ ಬರಲು ಹತ್ತಾರು ವರ್ಷ ಹಿಡಿಯಿತು. 1970ರ ಸುಮಾರಿಗೆ ಆ ಕಸದ ಗುಂಡಿಗಳನ್ನೆಲ್ಲ ಮುಚ್ಚಿದರು.

ಆಕೆ ಹೋದ ಮೇಲೆ ನನ್ನವಳ ಮುಖ ಬಾಡಿತು. "ರೀ, ಇಂಗಿನ ಡಬ್ಬಿ ಏನ್ಮಾಡೋದು?" ಪ್ರಶ್ನೆ ಸಣ್ಣದಲ್ಲ. ಆ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದರೂ ಇಡೀ ವ್ಯಾನು ಗ್ರಂದಿಗೆ ಅಂಗಡಿಯಂತೆ ಘಮಘಮಿಸುತ್ತಿತ್ತು. ಕರಡಿಗೆ ಇಂಗು ಇಷ್ಟವೋ ಅಲ್ಲವೋ ಎನ್ನುವುದರ ಬಗ್ಗೆ ಆಕೆ ಕೊಟ್ಟುಹೋದ ಕಾಗದದಲ್ಲಿ ಏನೂ ಇರಲಿಲ್ಲ.

ರಾತ್ರಿ ಎರಡು ಗಂಟೆಗೆ ಅವಳು ನನ್ನ ತೋಳು ಚಿವುಟಿದಳು. "ಕೇಳಿಸ್ಕೊಳ್ಳಿ." ಕೇಳಿಸಿಕೊಂಡೆ. ನಿಶ್ಶಬ್ದ. ಎದ್ದು ಕೂರಲು ಮಗ್ಗುಲಾದೆ. ಗುರ್ರ್... ಟಣ್. ಮೈಯೆಲ್ಲ ತಣ್ಣಗಾಯಿತು. ಉಸಿರು ಬಿಗಿಹಿಡಿದೆವು. ಮತ್ತೆ ನಿಶ್ಶಬ್ದ. ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ಹೊರಳಿದೆ. ಗುರ್ರ್... ಟಣ್. "ಬಂದಿದೆ" ಎಂದಳು ಪಿಸುಮಾತಿನಲ್ಲಿ. ಕೈಯಲ್ಲಿ ಸಾರಿನ ಸೌಟು ಹಿಡಿದಿದ್ದಳು, ಯಾವಾಗ ತೆಗೆದುಕೊಂಡಳೋ. ಅಟ್ಟದಿಂದ ಅಳಿಯ ಟಾರ್ಚು ಹಿಡಿದು ಇಳಿದ. ಅವನು ಇಳಿದ ರಭಸಕ್ಕೆ ವ್ಯಾನು ತೂಗಿತು. ಗುರ್ರ್... ಟಣ್, ಟಣ್. ಸದ್ದು ಹೊರಗಿಂದಲ್ಲ, ಸಿಂಕಿನ ಕೆಳಗಿನ ಡ್ರಾಯರಿನಿಂದ. ಎಳೆದು ನೋಡಿದರೆ ಸ್ಟೀಲಿನ ತಟ್ಟೆಯಲ್ಲಿ ಕುಕ್ಕರಿನ ವೇಟು! ನಾನು ಮಗ್ಗುಲು ಬದಲಿಸಿದಾಗಲೆಲ್ಲ ವ್ಯಾನು ಒಂದಿಷ್ಟು ವಾಲುತ್ತಿತ್ತು. ವೇಟು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಉರುಳುತ್ತಿತ್ತು. ಮೊಮ್ಮಗ ನಿದ್ದೆಗಣ್ಣಲ್ಲಿ "ಕರಡಿ ಬಂತಾ ತಾತ?" ಎಂದ. "ಇಲ್ಲ ಮರಿ, ತಾತನೇ" ಎಂದಳು ಅಜ್ಜಿ.

ಮರುದಿನ ಬೆಳಿಗ್ಗೆ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಿಸಿನೀರಿನ ಕೊಳ. ಅಡ್ಡಳತೆ ನೂರು ಮೀಟರಿಗೂ ಹೆಚ್ಚು. ನಡುವೆ ಮಯೂರಕಂಠದ ನೀಲಿ, ಅದರ ಸುತ್ತ ಹಸಿರು, ಆಮೇಲೆ ಹಳದಿ, ಅಂಚಿನಲ್ಲಿ ಕೇಸರಿ, ಕಾವಿ. ಆ ಬಣ್ಣಗಳ ಬಗ್ಗೆ ಹೇಳುವ ಮೊದಲು ನನ್ನ ಮಂಕಿ ಕ್ಯಾಪಿನ ಬಗ್ಗೆ ಎರಡು ಮಾತು. ಅದನ್ನು ಹಾಕಿಕೊಂಡು ವ್ಯಾನಿನಿಂದ ಇಳಿದಾಗ ಮಗಳು "ಅಪ್ಪಾ, ಪ್ಲೀಸ್" ಎಂದಿದ್ದಳು. ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು. ಆದರೆ ಆ ಬಯಲಿನಲ್ಲಿ ಗಾಳಿ ಹೇಗೆ ಬೀಸುತ್ತದೆಂದರೆ, ಕೊಳದ ಅಂಚಿನ ಬಣ್ಣದ ಪದರದ ಮೇಲೆ ಏಳೆಂಟು ಟೊಪ್ಪಿಗೆಗಳು ಬಿದ್ದಿದ್ದವು. ಯಾರೂ ಇಳಿದು ಎತ್ತುವಂತಿಲ್ಲ. ಮರದ ಹಲಗೆಯ ದಾರಿ ಬಿಟ್ಟು ಒಂದು ಹೆಜ್ಜೆ ಇಟ್ಟರೆ ತೆಳುವಾದ ನೆಲ ಒಡೆದು, ಕಾಲು ಕುದಿನೀರಿಗೆ. ಕರಡಿಗಳಿಗಿಂತ ಈ ಬಿಸಿನೀರಿಗೆ ಸಿಕ್ಕಿ ಸತ್ತವರೇ ಇಲ್ಲಿ ಹೆಚ್ಚು. ನಾವು ನೋಡುತ್ತಿದ್ದ ಹಾಗೇ ಅಳಿಯನ ಕ್ಯಾಪು ತಲೆಯಿಂದೆದ್ದು, ಗಾಳಿಯಲ್ಲಿ ಎರಡು ಲಾಗ ಹೊಡೆದು, ಕೇಸರಿ ಬಣ್ಣದ ಮೇಲೆ ಹೋಗಿ ಕುಳಿತಿತು. ನನ್ನ ಮಂಕಿ ಕ್ಯಾಪು ಅಲುಗಲಿಲ್ಲ. ನಾನು ಏನೂ ಮಾತಾಡಲಿಲ್ಲ. ಮಗಳ ಕಡೆ ಒಮ್ಮೆ ನೋಡಿದೆ, ಅಷ್ಟೇ.

ಬಣ್ಣಗಳು ಕಲ್ಲಿನವಲ್ಲ, ಜೀವಿಗಳವು. ಬಿಸಿನೀರಿನಲ್ಲೇ ಬದುಕುವ ಸೂಕ್ಷ್ಮಾಣುಗಳು. ಒಂದೊಂದು ಶಾಖಕ್ಕೆ ಒಂದೊಂದು ಜಾತಿ, ಒಂದೊಂದು ಜಾತಿಗೆ ಒಂದೊಂದು ಬಣ್ಣ. ನಡುವಿನ ನೀರು ಅವಕ್ಕೂ ತಡೆಯಲಾರದಷ್ಟು ಬಿಸಿ, ಹಾಗಾಗಿ ಅಲ್ಲಿ ಬರೀ ನೀರಿನ ನೀಲಿ. ಇಲ್ಲಿಂದ ಸ್ವಲ್ಪ ಉತ್ತರಕ್ಕಿರುವ ಇನ್ನೊಂದು ಬುಗ್ಗೆಯಲ್ಲಿ 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ತನ್ನ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಜತೆ ಹಿಡಿದ ಬ್ಯಾಕ್ಟೀರಿಯಾಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರು. ಹಾಲು ಕಾಯಿಸುವ ಶಾಖಕ್ಕೂ ಕೆಡದ ಕಿಣ್ವವೊಂದು ಅದರಲ್ಲಿದೆ. ಡಿಎನ್ಎಯನ್ನು ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಲಕ್ಷಾಂತರ ಪ್ರತಿ ತೆಗೆಯುವ ಪಿಸಿಆರ್ ವಿಧಾನ ನಿಂತಿರುವುದೇ ಆ ಕಿಣ್ವದ ಮೇಲೆ. ಆ ವಿಧಾನಕ್ಕೆ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು.

"ಅಂದ್ರೆ ಕೊರೋನಾದಲ್ಲಿ ಮಾಡಿಸಿದ್ವಲ್ಲ, ಅದಾ?" ಎಂದಳು ನನ್ನವಳು. ಅದೇ ಎಂದೆ. ಅವಳು ಕೊಳದ ಕಡೆ ಬಹಳ ಹೊತ್ತು ನೋಡಿದಳು. "ಮೂಗಿಗೆ ಕಡ್ಡಿ ಹಾಕಿ ಕಣ್ಣಲ್ಲಿ ನೀರು ಬರಿಸಿದ್ರಲ್ಲ, ಅದಕ್ಕೆಲ್ಲ ಮೂಲ ಇಲ್ಲಿದೆ ಅನ್ನಿ."

ಮಾರ್ನಿಂಗ್ ಗ್ಲೋರಿ ಎಂಬ ಕೊಳದ ಹತ್ತಿರ ಬಂದಾಗ ಅವಳ ಕೈ ತಾನಾಗಿ ಪರ್ಸಿಗೆ ಹೋಯಿತು. ಶ್ರೀರಂಗಪಟ್ಟಣದಲ್ಲಿ ರೈಲು ಸೇತುವೆ ದಾಟುವಾಗ ಕಾವೇರಿಗೆ ಕಾಸು ಹಾಕಿಯೇ ಅಭ್ಯಾಸ. ಬೋರ್ಡು ಓದಿ ಮೊಮ್ಮಗ ತಡೆದ. ಒಂದು ಕಾಲಕ್ಕೆ ಇದು ಪೂರ್ತಿ ನೀಲಿಯಾಗಿತ್ತಂತೆ, ಬೆಳಗಿನ ಹೊತ್ತು ಅರಳುವ ಹೂವಿನ ಹೆಸರು ಬಂದದ್ದು ಅದಕ್ಕೇ. ಬಂದವರೆಲ್ಲ ನಾಣ್ಯ, ಕಲ್ಲು, ಕಡ್ಡಿ, ಕಸ ಎಸೆದೂ ಎಸೆದೂ ನೀರು ಬರುವ ಬಾಯಿ ಕಟ್ಟಿಕೊಂಡು, ಕೊಳ ತಣ್ಣಗಾಗುತ್ತ ಬಂದು, ಅಂಚಿನಲ್ಲಿದ್ದ ಹಳದಿ, ಕೇಸರಿ ಜೀವಿಗಳು ಒಳಗೊಳಗೆ ಹಬ್ಬಿಬಿಟ್ಟಿವೆ. ಹತ್ತಿರದಲ್ಲೇ ಕರವಸ್ತ್ರದ ಕೊಳವೆಂಬುದೂ ಇತ್ತಂತೆ. ಕೊಳೆ ಕರವಸ್ತ್ರ ಹಾಕಿದರೆ ಒಳಗೆಳೆದುಕೊಂಡು, ಒಗೆದು ಹೊರಗೆ ಬಿಡುತ್ತಿತ್ತು. ಜನ ಸುಮ್ಮನಿರಬೇಕಲ್ಲ. ಸಿಕ್ಕಿದ್ದೆಲ್ಲ ತುರುಕಿ ಅದನ್ನೂ ಕೆಡಿಸಿದರು. ಅವಳು ಕಾಸನ್ನು ಪರ್ಸಿಗೆ ವಾಪಸು ಹಾಕಿದಳು. "ನಮ್ಮೋರು ಮಾತ್ರ ಹೀಗೆ ಅಂದ್ಕೊಂಡಿದ್ದೆ" ಎಂದಳು. ದನಿಯಲ್ಲಿ ಏನೋ ಒಂದು ಸಮಾಧಾನವಿತ್ತು.

ಇನ್ನು ಓಲ್ಡ್ ಫೇತ್‌ಫುಲ್. ಯೆಲ್ಲೋಸ್ಟೋನಿನಲ್ಲಿ ಗೀಸರ್‌ಗಳೇ ಐನೂರಕ್ಕೂ ಹೆಚ್ಚು, ಜಗತ್ತಿನ ಗೀಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಅಷ್ಟರಲ್ಲೂ ಜನ ಮುಗಿಬೀಳುವುದು ಇದಕ್ಕೆ, ಕಾರಣ ಇದು ಮಾತಿಗೆ ತಪ್ಪದು. 1870ರಲ್ಲಿ ಇಲ್ಲಿಗೆ ಬಂದ ತಂಡ ಆ ಹೆಸರಿಟ್ಟಿತು. ಮುಂದಿನ ಚಿಮ್ಮುವಿಕೆ ಎಷ್ಟು ಗಂಟೆಗೆ ಎಂದು ಬರೆದು ಹಾಕಿರುತ್ತಾರೆ, ಹತ್ತು ನಿಮಿಷ ಹಿಂದು ಮುಂದು. ನಾವು ಹೋದಾಗ 11-40 ಎಂದಿತ್ತು. ಸುತ್ತ ಅರ್ಧಚಂದ್ರಾಕಾರದಲ್ಲಿ ಬೆಂಚುಗಳು. ತೇರು ಎಳೆಯುವ ಹೊತ್ತಿಗೆ ಸೇರಿದ ಹಾಗೆ ಜನ. ಮೊಮ್ಮಗ "ತಾತ, ಅದಕ್ಕೆ ಟೈಮ್ ಹೇಗೆ ಗೊತ್ತಾಗತ್ತೆ?" ಎಂದ.

ನಾನು ಎದ್ದು, ನಮ್ಮ ಬೆಂಚಿನ ಮುಂದೆ ಬಂದು, ಅವರ ಕಡೆ ಮುಖ ಮಾಡಿ ನಿಂತೆ. ಕರಿಹಲಗೆಗೆ ಬೆನ್ನು, ತರಗತಿಗೆ ಮುಖ. "ಮೂರು ಬೇಕು. ಕೆಳಗೆ ಬೆಂಕಿ, ಮೇಲೆ ನೀರು, ನಡುವೆ ಇಕ್ಕಟ್ಟಾದ ಕೊಳವೆ. ನಾವು ಕೂತಿರೋದೇ ಜ್ವಾಲಾಮುಖಿಯ ಮೇಲೆ. ಸುಮಾರು ಆರು ಲಕ್ಷ ನಲವತ್ತು ಸಾವಿರ ವರ್ಷದ ಹಿಂದೆ ಸಿಡಿದು ಕುಸಿದ ಬಾಣಲೆ ಇದು. ಮಳೆ, ಹಿಮದ ನೀರು ನೆಲಕ್ಕಿಳಿದು ಕಾಯುತ್ತೆ. ಆದ್ರೆ ಮೇಲಿನ ನೀರಿನ ಭಾರ ಅದನ್ನ ಅದುಮಿ ಹಿಡಿದಿರುತ್ತೆ. ಕುದಿಯೋ ಬಿಂದು ದಾಟಿದ್ರೂ ಕುದಿಯೋಕಾಗಲ್ಲ..."

"ಕುಕ್ಕರ್" ಎಂದಳು ನನ್ನವಳು.

"ಏನು?"

"ಕುಕ್ಕರ್ ಕಣ್ರೀ. ಒಳಗೆ ಬಿಸಿ ಜಾಸ್ತಿ, ಮೇಲೆ ಭಾರ. ವೇಟ್ ಸ್ವಲ್ಪ ಎದ್ರೆ ಬುಸ್ ಅಂತ ಬರುತ್ತೆ. ಗ್ಯಾಸ್ಕೆಟ್ ಎಲ್ಲಿ ಇದಕ್ಕೆ?"

34 ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಮತ್ತು ಅದಕ್ಕೆ ಉತ್ತರ ಇದೆ. ಇಲ್ಲಿನ ಕಲ್ಲಿನಲ್ಲಿ ಸಿಲಿಕಾ ಹೇರಳ. ಬಿಸಿನೀರು ಅದನ್ನು ಕರಗಿಸಿಕೊಂಡು ಮೇಲೆ ಬಂದು ಕೊಳವೆಯ ಗೋಡೆಗೆ ಗಾರೆಯಂತೆ ಮೆತ್ತುತ್ತದೆ, ಒತ್ತಡ ಸೋರಿಹೋಗುವುದಿಲ್ಲ. ಅದೇ ಗ್ಯಾಸ್ಕೆಟ್. ಮೇಲೆ ಒಂದಿಷ್ಟು ನೀರು ತುಳುಕಿದ ಕೂಡಲೇ ಭಾರ ಇಳಿದು, ಕೆಳಗಿನ ನೀರು ಒಮ್ಮೆಗೇ ಆವಿಯಾಗಿ, ಮೇಲಿನದನ್ನೆಲ್ಲ ತಳ್ಳಿಕೊಂಡು ಬರುತ್ತದೆ. ಹಿಂದಿನ ಸಲ ಕಡಿಮೆ ಹೊತ್ತು ಚಿಮ್ಮಿದ್ದರೆ ಒಳಗೆ ಬಿಸಿನೀರು ಉಳಿದಿರುತ್ತದೆ, ಮುಂದಿನದು ಬೇಗ. ಹೆಚ್ಚು ಹೊತ್ತು ಚಿಮ್ಮಿದ್ದರೆ ತುಂಬಿ ಕಾಯಲು ಒಂದೂವರೆ ಗಂಟೆ ಬೇಕು. ಟೈಮ್ ಹೇಳುವುದು ಆ ಲೆಕ್ಕದ ಮೇಲೆ. 1959ರಲ್ಲಿ ಹೆಬ್ಗೆನ್ ಸರೋವರದ ಬಳಿ ಭೂಕಂಪವಾದ ಮೇಲೆ ಈ ಲೆಕ್ಕವೇ ಏರುಪೇರಾಯಿತು, ನಡುವಿನ ಕಾಯುವಿಕೆ ಹೆಚ್ಚಿತು. "ಗ್ಯಾಸ್ಕೆಟ್ ಅಲ್ಲಾಡಿತು ಅನ್ನಿ" ಎಂದಳು.

ನನ್ನ ಬೆನ್ನ ಹಿಂದೆ ಬುಳುಬುಳು ಸದ್ದಾಯಿತು. ಜನರೆಲ್ಲ ಮೊಬೈಲ್ ಎತ್ತಿದರು. ಅವಳು ಕತ್ತು ಅಲ್ಲಾಡಿಸಿದಳು. "ಇದಲ್ಲ, ಇದು ಬರೀ ಆವಿ. ಇನ್ನೂ ವೇಟ್ ಎದ್ದಿಲ್ಲ." ಮೊಬೈಲುಗಳು ಇಳಿದವು. ಇನ್ನೊಮ್ಮೆ ಬುಳುಬುಳು. ಇದೂ ಅಲ್ಲ ಎಂದಳು. ನಾನು ಸಿಲಿಕಾದ ಬಗ್ಗೆ ಇನ್ನೊಂದು ಮುಖ್ಯವಾದ ಅಂಶ ಹೇಳುತ್ತಿದ್ದೆ. "ಈಗ" ಎಂದಳು ಅವಳು, ನನ್ನ ಮುಖ ನೋಡದೆ. ಎಲ್ಲರ ಕಣ್ಣು ನನ್ನ ತಲೆಯ ಮೇಲಕ್ಕೆ, ಇನ್ನೂ ಮೇಲಕ್ಕೆ, ಆಕಾಶಕ್ಕೆ ಹೋದವು. ಮೊಮ್ಮಗನ ಬಾಯಿ ತೆರೆದೇ ಇತ್ತು. ನನ್ನ ಪಾಠ ಎಷ್ಟು ಚೆನ್ನಾಗಿ ಹಿಡಿಸಿದೆ ಎಂದು ಅರೆಕ್ಷಣ ಹಿಗ್ಗಿದೆ. ತಿರುಗಿದಾಗ ಅದು ಆಗಲೇ ನಾಲ್ಕೈದು ಮಹಡಿಯೆತ್ತರ ದಾಟಿತ್ತು. ಬಿಳಿಯ ಕಂಬ ಒಂದಿಷ್ಟು ಹೊತ್ತು ಹಾಗೇ ನಿಂತಿದ್ದು, ಗಾಳಿಗೆ ಹರಿದು, ಒಂದು ಮಗ್ಗುಲಿಗೆ ಹನಿಹನಿಯಾಗಿ ಬಿದ್ದು, ಕುಗ್ಗಿತು. ಎಲ್ಲ ಮೂರು ನಿಮಿಷ. ಅದರಲ್ಲಿ ನಾನು ನೋಡಿದ್ದು ಎರಡು. ಹಿಂದಿನ ಸಾಲಿನಲ್ಲಿದ್ದ ಗುಜರಾತಿ ಅಜ್ಜಿಯೊಬ್ಬರು ನನ್ನವಳ ಹೆಗಲು ಮುಟ್ಟಿ "ಕುಕ್ಕರ್, ಹಾಂ?" ಎಂದು ನಕ್ಕರು. ಅಷ್ಟೂ ಕನ್ನಡದ ನಡುವೆ ಆಕೆಗೆ ಅರ್ಥವಾದ ಒಂದು ಪದ ಅದು. ಸಾಕಾಗಿತ್ತು.

ನಾರಿಸ್ ಎಂಬಲ್ಲಿ ಇರುವ ಸ್ಟೀಮ್‌ಬೋಟ್ ಈಗ ಚಿಮ್ಮುವ ಗೀಸರ್‌ಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು, ದೊಡ್ಡ ಸಲ ಚಿಮ್ಮಿದರೆ 90 ಮೀಟರ್ ದಾಟುತ್ತದೆ. ಆದರೆ ಯಾವಾಗ ಎಂದು ಕೇಳಬಾರದು. 1911ರಿಂದ 1961ರವರೆಗೆ 50 ವರ್ಷ ಸುಮ್ಮನಿತ್ತು. 2019ರಲ್ಲಿ 48 ಸಲ ಚಿಮ್ಮಿತು. ನಾವು ಮುಂದೆ ಕೂತು ಒಂದು ಗಂಟೆ ಚಕ್ಕುಲಿ ತಿಂದೆವು. ಏನೂ ಆಗಲಿಲ್ಲ. "ಇದು ನಮ್ಮ ಎಲೆಕ್ಟ್ರಿಷಿಯನ್" ಎಂದು ನನ್ನವಳು ಎದ್ದಳು.

ಅಲ್ಲಿಂದ ಮುಂದೆ ಯೆಲ್ಲೋಸ್ಟೋನ್ ನದಿಯ ಕೊರಕಲು, ಜಲಪಾತ. 94 ಮೀಟರ್ ಎಂದು ಓದಿದ ಕೂಡಲೇ ನನ್ನ ಎದೆ ಉಬ್ಬಿತು. "ನಮ್ಮ ಜೋಗ 253 ಮೀಟರ್!" ಎಂದು ಪಕ್ಕದಲ್ಲಿದ್ದ ಅಪರಿಚಿತನಿಗೂ ಇಂಗ್ಲಿಷಿನಲ್ಲಿ ಹೇಳಿದೆ. ಆತ ಬಹಳ ಗೌರವದಿಂದ ತಲೆದೂಗಿದ. "ನೀರಿದ್ದಾಗ" ಎಂದು ನನ್ನವಳು ಕನ್ನಡದಲ್ಲಿ ಸೇರಿಸಿದಳು. ಹೋದ ಬೇಸಿಗೆಯಲ್ಲಿ ನೆಂಟರನ್ನು ಜೋಗಕ್ಕೆ ಕರೆದುಕೊಂಡು ಹೋಗಿ ಬಂಡೆ ತೋರಿಸಿಕೊಂಡು ಬಂದಿದ್ದೆವು. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತು ಕರೆಂಟಾಗುತ್ತದೆ. ಈ ಯೆಲ್ಲೋಸ್ಟೋನ್ ನದಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ಉದ್ದಕ್ಕೂ ದೊಡ್ಡ ಅಣೆಕಟ್ಟೆಂಬುದೇ ಇಲ್ಲ. ಆ ಅಪರಿಚಿತನಿಗೆ ಇದನ್ನು ಅನುವಾದಿಸುವ ಗೋಜಿಗೆ ಹೋಗಲಿಲ್ಲ.

ಹೇಡನ್ ಕಣಿವೆಯಲ್ಲಿ ದಾರಿ ನಿಂತುಹೋಯಿತು. ಮುಂದೆ ಎಲ್ಲಿವರೆಗೆ ನೋಡಿದರೂ ವಾಹನ. ಅಳಿಯ ಬೆಂಗಳೂರಿನವನು, ಸಿಲ್ಕ್ ಬೋರ್ಡಿನಲ್ಲಿ ಪಳಗಿದವನು. ಇಂಜಿನ್ ಆಫ್ ಮಾಡಿ ಕಾಲು ಚಾಚಿದ. ರಸ್ತೆಯ ಮೇಲೆ ಬೈಸನ್ ಹಿಂಡು. ನಮ್ಮ ಮಲೆನಾಡಿನ ಕಾಟಿಯನ್ನು ಇಂಗ್ಲಿಷಿನಲ್ಲಿ ಬೈಸನ್ ಅನ್ನುತ್ತಾರಲ್ಲ, ಇದು ಅದಲ್ಲ. ಕಾಟಿ ನುಣ್ಣಗೆ ಎಣ್ಣೆ ಹಚ್ಚಿದ ಪೈಲ್ವಾನ. ಇದು ಕಂಬಳಿ ಹೊದ್ದು ಎದ್ದುಬಂದ ಹಳೇ ಜಮೀನ್ದಾರ. ಒಂದು ಕಾಲಕ್ಕೆ ಖಂಡದ ತುಂಬ ಲಕ್ಷ ಲಕ್ಷ ಇದ್ದವು. ಕೊಂದು ಕೊಂದು, 1902ರ ಹೊತ್ತಿಗೆ ಈ ಉದ್ಯಾನದಲ್ಲಿ ಉಳಿದದ್ದು ಎರಡು ಡಜನ್. ಈಗ ಮತ್ತೆ ಸಾವಿರಗಟ್ಟಲೆ.

ಒಂದು ಗೂಳಿ ರಸ್ತೆಯ ನಡುಗೆರೆ ಹಿಡಿದು ನಮ್ಮತ್ತಲೇ ನಡೆದು ಬಂತು. 900 ಕಿಲೋ ತೂಗುವ ಪ್ರಾಣಿಗೆ ಅವಸರವೇನು? ವ್ಯಾನಿನ ಪಕ್ಕಕ್ಕೆ ಬಂದಾಗ ಅದರ ತಲೆ ನನ್ನವಳ ಕಿಟಕಿಯ ಮಟ್ಟಕ್ಕಿತ್ತು. ಗಡ್ಡಕ್ಕೆ ಒಣಹುಲ್ಲು ಸಿಕ್ಕಿಕೊಂಡಿತ್ತು. ಕಂದು ಕಣ್ಣು, ಕಣ್ಣಂಚಿನಲ್ಲಿ ಎರಡು ನೊಣ. ಅದು ಉಸಿರು ಬಿಟ್ಟಾಗ ಗಾಜಿನ ಮೇಲೆ ತಟ್ಟೆಯಗಲ ಮಂಜು ಕಟ್ಟಿತು. ಅವಳು ಪಕ್ಕದ ಬುಟ್ಟಿಯಿಂದ ಬಾಳೆಹಣ್ಣು ತೆಗೆದಿದ್ದಳು. "ಅಮ್ಮಾ!" ಎಂದು ಮಗಳು ಕಿರುಚಿದಳು. "ಪಾಪ, ಮನೆ ಬಾಗಿಲಿಗೆ ಬಂದಿದೆ" ಎಂದಳು ತಾಯಿ. ಕಾಡುಪ್ರಾಣಿಗೆ ಏನನ್ನೂ ಕೊಡಕೂಡದು, 23 ಮೀಟರ್ ಹತ್ತಿರ ಹೋಗಕೂಡದು, ಕರಡಿ, ತೋಳಕ್ಕಾದರೆ 91 ಮೀಟರ್ ಎಂದು ಮಗಳು ಒಂದೇ ಉಸಿರಿಗೆ ಹೇಳಿದಳು. "23 ಮೀಟರ್ ಅಂದ್ರೆ?" ಎಂದು ಇವಳು ನನ್ನನ್ನು ಕೇಳಿದಳು. 30-40 ಸೈಟು ಉದ್ದಕ್ಕೆ ಎರಡು ಎಂದೆ. ಅವಳು ಗಾಜಿನಾಚೆ ನೋಡಿದಳು, ಅರ್ಧ ಅಡಿ. "ನಾವು ಹೋಗಿಲ್ವಲ್ಲ, ಅದೇ ಬಂದಿದ್ದು" ಎಂದಳು. ಬಾಳೆಹಣ್ಣು ಮೊಮ್ಮಗನಿಗೆ ಹೋಯಿತು. ನಲವತ್ತು ನಿಮಿಷ ನಿಂತಿದ್ದೆವು. ಹಿಂದೆ ಮುಂದೆ ನೂರಾರು ವಾಹನ, ಒಬ್ಬನೂ ಹಾರ್ನ್ ಮಾಡಲಿಲ್ಲ. ಆ ದೇಶದಲ್ಲಿ ನಾನು ಕಂಡ ಅಚ್ಚರಿಗಳಲ್ಲಿ ಗೀಸರಿಗೆ ಎರಡನೆಯ ಸ್ಥಾನ.

ಅದೇ ದಾರಿಯಲ್ಲಿ ಕೆಸರು ಕುದಿಯುವ ಜಾಗವೊಂದಿದೆ. ವ್ಯಾನಿನ ಬಾಗಿಲು ತೆರೆದದ್ದೇ ಎಲ್ಲರೂ ಮೂಗು ಮುಚ್ಚಿಕೊಂಡರು. ಕೊಳೆತ ಮೊಟ್ಟೆಯ ವಾಸನೆ ಎಂದು ಬೋರ್ಡು ಬರೆದಿತ್ತು. ಮೊಟ್ಟೆಯನ್ನೇ ಮನೆಗೆ ತರದವರಿಗೆ ಅದೇನು ಗೊತ್ತು? ನನಗೆ ಮಾತ್ರ ಗೊತ್ತಿತ್ತು. ಕಿಪ್ಸ್ ಅಪರೇಟಸ್! ಹೈಡ್ರೋಜನ್ ಸಲ್ಫೈಡ್! ಕಣ್ಣು ಮುಚ್ಚಿ ಉಸಿರೆಳೆದೆ. ಲ್ಯಾಬಿನ ಮೂಲೆ, ಕಿಟಕಿಯ ಒಡೆದ ಗಾಜು, ಉಪ್ಪು ಪತ್ತೆಹಚ್ಚಲಾಗದೆ ಅಟೆಂಡರನ ಮುಖ ನೋಡುವ ಹುಡುಗರು, ಪ್ರಾಕ್ಟಿಕಲ್ ಪರೀಕ್ಷೆಯ ದಿನದ ಉಪ್ಪಿಟ್ಟು ಎಲ್ಲ ಒಟ್ಟಿಗೆ ನುಗ್ಗಿಬಂದವು. ಕಣ್ಣು ತೆರೆದಾಗ ಕಟಕಟೆಯ ಬಳಿ ನಾನೊಬ್ಬನೇ ಇದ್ದೆ. ಉಳಿದವರು ವ್ಯಾನಿನ ಗಾಜೇರಿಸಿಕೊಂಡು ನನ್ನನ್ನು ನೋಡುತ್ತಿದ್ದರು.

ಕೊನೆಯ ದಿನ ಬೆಳಗಿನ ಜಾವ ಮೂರೂವರೆಗೆ ಎದ್ದು ತೋಳ ನೋಡಲು ಲಮಾರ್ ಕಣಿವೆಗೆ ಹೋದೆವು. ಇಲ್ಲಿನ ತೋಳಗಳನ್ನೆಲ್ಲ ಹಿಂದೆ ಕೊಂದು ಮುಗಿಸಿದ್ದರು. 1995ರಲ್ಲಿ ಕೆನಡಾದಿಂದ 14 ತೋಳಗಳನ್ನು ತಂದರು, ಮುಂದಿನ ವರ್ಷ ಮತ್ತೆ 17. ಈಗಿರುವವು ಅವುಗಳ ಸಂತಾನ. ರಸ್ತೆ ಬದಿಯಲ್ಲಿ ಹದಿನೈದಿಪ್ಪತ್ತು ಜನ ದೊಡ್ಡ ದುರ್ಬೀನು ನೆಟ್ಟು, ಕೈಯಲ್ಲಿ ಕಾಫಿ ಹಿಡಿದು, ಮಾತಿಲ್ಲದೆ ನಿಂತಿದ್ದರು. ನೆಲದ ಮೇಲೆ ಬಿಳಿಯ ಹಿಮದ ಪುಡಿ. ಈಗ ಮಂಕಿ ಕ್ಯಾಪಿನ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಮಗಳೇ "ಅಪ್ಪಾ, ಇನ್ನೊಂದು ಇದೆಯಾ?" ಎಂದಳು. ವಯಸ್ಸಾದವರೊಬ್ಬರು ತಮ್ಮ ದುರ್ಬೀನಿನಲ್ಲಿ ನೋಡಲು ಕರೆದರು. ನೋಡಿದೆ. ದೂರದ ದಿಬ್ಬದಲ್ಲಿ ಬೂದು ಬಣ್ಣದ್ದೊಂದು. "ಕಂಡಿತೆ?" ಎಂದರು. "ಅದ್ಭುತ" ಎಂದೆ. ಐದು ನಿಮಿಷದ ನಂತರ ಅವರು ದುರ್ಬೀನನ್ನು ಇನ್ನಷ್ಟು ಎಡಕ್ಕೆ ತಿರುಗಿಸಿದರು. ನಾನು ನೋಡಿದ್ದು ಬಂಡೆ. ಮೊಮ್ಮಗ ಮೂರು ತೋಳ ಎಣಿಸಿದ. ನನ್ನವಳು ಒಂದು ಕಪ್ಪು ತೋಳ ಬಾಲ ಎತ್ತಿ ಹೊಳೆ ದಾಟಿದ್ದನ್ನು ನೋಡಿದಳು. ಸಂಜೆ ವ್ಯಾನು ವಾಪಸು ಕೊಡುವವರೆಗೂ ಅದರ ಬಗ್ಗೆ ಹೇಳುತ್ತಲೇ ಇದ್ದಳು. ನಾನೂ ನೋಡಿದೆ ಎಂದು ಈವರೆಗೆ ಹೇಳಿಕೊಂಡು ಬಂದಿದ್ದೇನೆ. ಅವಳು ಈ ಪ್ರಬಂಧ ಓದುವುದಿಲ್ಲವೆಂಬ ಧೈರ್ಯದ ಮೇಲೆ ನಿಜ ಬರೆದಿದ್ದೇನೆ.

ಹಾಸನಕ್ಕೆ ಬಂದು ಎರಡು ತಿಂಗಳಾಯಿತು. ಅಕ್ಕಪಕ್ಕದವರು ಏನು ನೋಡಿದಿರಿ ಎಂದು ಕೇಳಿದರೆ ನಾನು 1872ರಿಂದ ಶುರು ಮಾಡುತ್ತೇನೆ. ಅವರು ನನ್ನನ್ನು ದಾಟಿ ಅವಳ ಹತ್ತಿರ ಹೋಗುತ್ತಾರೆ. ಅವಳು ಕುಕ್ಕರ್ ತೋರಿಸುತ್ತಾಳೆ. ಹೋಗುವವರಿದ್ದರೆ ನಿಮಗೂ ಎರಡು ಮಾತು. ಮಂಕಿ ಕ್ಯಾಪು ಒಯ್ಯಿರಿ. ಕುಕ್ಕರಿನ ವೇಟನ್ನು ರಾತ್ರಿ ಬಟ್ಟೆಯಲ್ಲಿ ಸುತ್ತಿಡಿ.

ನಮ್ಮ ಬಚ್ಚಲಿನ ಗೀಸರ್ ಇನ್ನೂ ಹಾಗೇ ಇದೆ. ಹಾಸನದಲ್ಲಿ ಹೇಳಿದ ಹೊತ್ತಿಗೆ, ಹತ್ತು ನಿಮಿಷ ಹಿಂದು ಮುಂದಾದರೂ ಸರಿ, ಬಂದು ರಿಪೇರಿ ಮಾಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.